ಸೆಲ್ಫ್ ಅರ್ಧ ಸುತ್ತಿಗೇ ನಿಂತರೆ: ಹುಲ್ಲು ಕತ್ತರಿಸುವ ಗಾಡಿಯ ದೋಷ ಹುಡುಕುವ ಬಗೆ

ಕೀ ತಿರುಗಿಸಿದರೆ ಎಂಜಿನ್ ಅರ್ಧ ಸುತ್ತು ತಿರುಗುತ್ತದೆ. ಆಮೇಲೆ ಗೋಡೆಗೆ ಗುದ್ದಿದ ಹಾಗೆ ನಿಂತುಬಿಡುತ್ತದೆ. ಇನ್ನೊಮ್ಮೆ ತಿರುಗಿಸಿದರೂ ಅದೇ. ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ ಇಟ್ಟುಕೊಂಡವರಲ್ಲಿ ಬಹಳ ಜನ ಈ ತೊಂದರೆ ನೋಡಿರುತ್ತಾರೆ. ನಮ್ಮ ಗಾಡಿಗೆ ಇದು ಬಂದಾಗ ನಾನು ಮೊದಲು ಬ್ಯಾಟರಿ ಬದಲಿಸಿದೆ. ಆಮೇಲೆ ಎಂಜಿನ್ನನ್ನು ತಿರುಗಿಸಿ ಶುರುಮಾಡುವ ಸೆಲ್ಫ್ ಮೋಟರ್ ಬಿಚ್ಚಿಸಿ ಹೊಸ ಕಾರ್ಬನ್ ಹಾಕಿಸಿದೆ. ಎರಡಕ್ಕೂ ದುಡ್ಡು ಹೋಯಿತು, ಗಾಡಿ ಮಾತ್ರ ಶೆಡ್ಡಿನಿಂದ ಹೊರಗೆ ಬರಲಿಲ್ಲ. ಕೊನೆಗೆ ಸರಿಹೋದದ್ದು ಎಂಜಿನ್ನಿನ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು ಸರಿಮಾಡುವ ಟ್ಯಾಪೆಟ್ ಸೆಟ್ಟಿಂಗ್‌ನಿಂದ. ಅದಕ್ಕೆ ಒಂದು ರೂಪಾಯಿಯ ಸಾಮಾನೂ ಬೇಕಾಗಲಿಲ್ಲ. ಮೊದಲೇ ಕೂತು ಅಳೆದಿದ್ದರೆ ಒಂದು ಭಾನುವಾರದ ಬೆಳಗ್ಗೆ ಮುಗಿಯುವ ಕೆಲಸ ಅದು.

ನಮ್ಮದು ಚನ್ನಗಿರಿ ತಾಲ್ಲೂಕು, ಸಂತೇಬೆನ್ನೂರು ಕಡೆ ಅಡಿಕೆ ತೋಟ. ಗಿಡದಿಂದ ಗಿಡಕ್ಕೆ 9 ಅಡಿ. ಅಡಿಕೆ ಬೇರು ಮೇಲುಮಣ್ಣಿನಲ್ಲೇ ಹರಡಿಕೊಂಡಿರುತ್ತದೆ. ಪದೇ ಪದೇ ಉಳುಮೆ ಮಾಡಿದರೆ ಬೇರು ಕಡಿದುಹೋಗುತ್ತದೆ. ಅದಕ್ಕೇ ಹುಲ್ಲು ಕತ್ತರಿಸಿ ಅಲ್ಲೇ ಬಿಡುವುದು ಒಳ್ಳೆಯದು ಅಂತ ಈ ಗಾಡಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದೆವು. ಒಂಟಿ ಸಿಲಿಂಡರ್, 17.5 ಅಶ್ವಶಕ್ತಿ, ಕೆಳಗೆ 42 ಇಂಚಿನ ಡೆಕ್, ಅದರಲ್ಲಿ ಎರಡು ಬ್ಲೇಡು. ಒಂದು ಸಾಲಿನಲ್ಲಿ ಹೋಗಿ ಬಂದರೆ 7 ಅಡಿ ಹುಲ್ಲು ಹೋಗುತ್ತದೆ. ಬುಡದ ಸುತ್ತ ಉಳಿದದ್ದಕ್ಕೆ ಬ್ರಷ್ ಕಟರ್ ಇದ್ದೇ ಇದೆ.

ಕೈಯಲ್ಲಿ ಇರಬೇಕಾದದ್ದು ಒಂದು ಮಲ್ಟಿಮೀಟರ್, ಸಂದು ಅಳೆಯುವ ತೆಳು ಲೋಹದ ಎಲೆಗಳ ಒಂದು ಫಿಲ್ಲರ್ ಗೇಜ್, ಸ್ಪಾರ್ಕ್ ಪ್ಲಗ್ ಬಿಚ್ಚುವ ಪಾನ (ಸ್ಪ್ಯಾನರ್), ಒಳ್ಳೆ ಟಾರ್ಚು. ಸಾಧಾರಣ ಮಲ್ಟಿಮೀಟರ್ ಸಾಕು. ಪಾನದ ಬಗ್ಗೆ ಒಂದು ಮಾತು. ಹೊರದೇಶದ ಈ ಗಾಡಿಗಳಲ್ಲಿ ಬಹಳಷ್ಟಕ್ಕೆ ಇಂಚಿನ ಅಳತೆಯ ಬೋಲ್ಟುಗಳಿರುತ್ತವೆ. ಅರ್ಧ ಇಂಚಿಗೆ 13 ಮಿಲಿಮೀಟರಿನ ಪಾನ ಹೇಗೋ ಹೊಂದುತ್ತದೆ. 5/16ಕ್ಕೆ 8ರದ್ದು ಸರಿಯಾಗಿ ಕೂರುತ್ತದೆ. ಆದರೆ 3/8ಕ್ಕೆ 10ರ ಪಾನ ಹಾಕಿದರೆ ಸಡಿಲ, ಬೋಲ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಒಂದು ಇಂಚಿನ ಸೆಟ್ ತಂದಿಟ್ಟುಕೊಳ್ಳಿ.

ಮುಟ್ಟುವ ಮೊದಲು

ಗಾಡಿ ಸಮನಾದ ಜಾಗದಲ್ಲಿರಲಿ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಪ್ಲಗ್ ಕ್ಯಾಪ್ ಎಳೆದು ಪಕ್ಕಕ್ಕೆ ಸರಿಸಿ. ಬ್ಲೇಡಿನ ಹತ್ತಿರ ಕೈ ಹಾಕುವಾಗಂತೂ ಈ ಎರಡು ಆಗಲೇಬೇಕು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಬಿಚ್ಚಬೇಡಿ. ಗಾಡಿ ಎತ್ತಿದರೆ ಜಾಕ್ ಒಂದನ್ನೇ ನಂಬಿ ಕೆಳಗೆ ನುಗ್ಗಬೇಡಿ, ಗಟ್ಟಿ ಮರದ ದಿಮ್ಮಿ ಕೊಡಿ. ಮನೆಯಲ್ಲಿ ಮಕ್ಕಳಿದ್ದರೆ ಆ ಹೊತ್ತು ಆಚೆ ಕಳಿಸಿ.

ಕೀ ತಿರುಗಿಸಿದರೆ ಸದ್ದೇ ಇಲ್ಲ

ಏನೂ ಸದ್ದಿಲ್ಲದಿದ್ದರೆ ಮೊದಲು ನಿಮ್ಮ ಕಾಲು ನೋಡಿಕೊಳ್ಳಿ. ಬ್ರೇಕ್ ಪೂರ್ತಿ ಒತ್ತಿರಬೇಕು, ಬ್ಲೇಡಿನ ಸ್ವಿಚ್ಚು ಆಫ್ ಇರಬೇಕು. ಇವೆರಡೂ ಸರಿಯಿಲ್ಲದಿದ್ದರೆ ಸೆಲ್ಫ್‌ಗೆ ಕರೆಂಟು ಹೋಗದ ಹಾಗೆ ಗಾಡಿಯನ್ನು ಕಟ್ಟಿರುತ್ತಾರೆ. ಸೀಟಿನ ಕೆಳಗೂ ಒಂದು ಸ್ವಿಚ್ಚಿದೆ. ಬ್ರೇಕ್ ಒತ್ತದೆ ಸೀಟಿನಿಂದ ಎದ್ದರೆ ಅದು ಎಂಜಿನ್ ನಿಲ್ಲಿಸುತ್ತದೆ.

ಆಮೇಲೆ ಫ್ಯೂಸ್. ಕಾರಿನಲ್ಲಿ ಬರುವಂಥದ್ದೇ ಚಪ್ಪಟೆ ಫ್ಯೂಸ್. ಒಳಗಿನ ತಂತಿ ಸುಟ್ಟಿದ್ದರೆ ಕಣ್ಣಿಗೇ ಕಾಣುತ್ತದೆ. ಹೊಸದು ಹಾಕಿದ ತಕ್ಷಣ ಮತ್ತೆ ಸುಟ್ಟರೆ ಎಲ್ಲೋ ವೈರ್ ಗಾಡಿಯ ಲೋಹದ ಮೈಗೆ ತಾಗಿದೆ ಅಂತ ಅರ್ಥ. ದೊಡ್ಡ ಫ್ಯೂಸ್ ಹಾಕಬೇಡಿ, ವೈರ್ ಹುಡುಕಿ. ಅಡಿಕೆ ಇಡುವ ಶೆಡ್ಡಿನಲ್ಲೇ ಗಾಡಿ ನಿಲ್ಲಿಸುವವರು ಇಲಿ ಕಡಿದ ಜಾಗವನ್ನೇ ಮೊದಲು ನೋಡಬೇಕು. ನಮ್ಮಲ್ಲಿ ಸೀಟಿನ ಸ್ವಿಚ್ಚಿಗೆ ಹೋಗುವ ಎರಡು ವೈರುಗಳ ಮೇಲುಹೊದಿಕೆಯನ್ನು ಇಲಿ ಕಡಿದು, ತಾಮ್ರ ಹೊಳೆಯುತ್ತಿತ್ತು.

ಫ್ಯೂಸ್ ಸರಿ, ಬ್ಯಾಟರಿ ಸರಿ ಅಂದರೆ ಕೀ ತಿರುಗಿಸಿದಾಗ ಸೆಲ್ಫ್ ಮೋಟರಿಗೆ ದೊಡ್ಡ ಕರೆಂಟು ಬಿಡುವ ಸೆಲ್ಫ್ ರಿಲೇ ಹತ್ತಿರ ಬನ್ನಿ. ಅದಕ್ಕೆ ಎರಡು ದಪ್ಪ ಬೋಲ್ಟು, ಒಂದೋ ಎರಡೋ ಸಣ್ಣ ಪಿನ್ನು ಇರುತ್ತವೆ. ಇನ್ನೊಬ್ಬರು ಬ್ರೇಕ್ ಒತ್ತಿ ಕೀ ತಿರುಗಿಸಿ ಹಿಡಿದಿರಲಿ. ನೀವು ಕೀಯಿಂದ ಬರುವ ಸಣ್ಣ ಪಿನ್ನಿಗೂ ಅರ್ಥಿಗೂ (ಬ್ಯಾಟರಿಯ ಮೈನಸ್ಸಿಗೆ ಸೇರಿದ ಗಾಡಿಯ ಲೋಹದ ಮೈ) ನಡುವೆ ಮೀಟರ್ ಹಿಡಿಯಿರಿ. 12 ವೋಲ್ಟಿನ ಹತ್ತಿರ ಬಂದರೆ ಕೀ, ಬ್ರೇಕ್ ಸ್ವಿಚ್ಚು, ಬ್ಲೇಡ್ ಸ್ವಿಚ್ಚು ಮೂರೂ ಸರಿ ಇವೆ. ತೊಂದರೆ ರಿಲೇಯಲ್ಲಿ ಅಥವಾ ಅದರ ಅರ್ಥಿನಲ್ಲಿ. ವೋಲ್ಟ್ ಬರದಿದ್ದರೆ ಹಿಂದಕ್ಕೆ ಒಂದೊಂದೇ ಸ್ವಿಚ್ಚು ನೋಡುತ್ತಾ ಹೋಗಿ. ಎಲ್ಲಿ ಸಿಗುತ್ತದೋ ಅದರ ಮುಂದಿನದು ಕೆಟ್ಟಿದೆ.

ಸ್ವಿಚ್ಚು ಕೆಟ್ಟಿದೆ ಅಂತ ಅದರ ಎರಡು ವೈರನ್ನೂ ಸೇರಿಸಿ ಟೇಪ್ ಸುತ್ತುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾಲುವೆ ಏರಿ ಮೇಲೆ ಗಾಡಿ ಜಾರಿ ಆಳು ಕೆಳಗೆ ಬಿದ್ದರೆ ಬ್ಲೇಡನ್ನು ನಿಲ್ಲಿಸುವುದು ಆ ಸೀಟಿನ ಸ್ವಿಚ್ಚು ಒಂದೇ.

ಅರ್ಧ ಸುತ್ತು ತಿರುಗಿ ನಿಂತರೆ

ನನ್ನ ದುಡ್ಡು ಹೋದದ್ದು ಇಲ್ಲೇ. ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ.

ಗಾಡಿ ನಿಂತ ದಿನ ಊರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಹುಡುಗನನ್ನು ಕರೆದೆ. ಅವನು ಎರಡು ಸಲ ಕೀ ತಿರುಗಿಸಿ ನೋಡಿದ. "ಬ್ಯಾಟ್ರಿ ಹೋಗೈತಣ್ಣ, ಹೊಸದ್ ಹಾಕ್ಸಿ" ಅಂದ. ಸದ್ದು ಕೇಳಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ದಾವಣಗೆರೆಗೆ ಹೋಗಿ ಸಣ್ಣ ಕಾರಿಗೆ ಹಾಕುವ 35 ಆಂಪಿಯರ್‌-ಅವರ್ ಬ್ಯಾಟರಿ ತಂದೆ. ಮೊದಲ ಸಲ ಹೇಗೋ ಸ್ಟಾರ್ಟ್ ಆಯಿತು. ಮಾರನೇ ದಿನ ಮತ್ತೆ ಅದೇ ಅರ್ಧ ಸುತ್ತು. ಹೊಸ ಬ್ಯಾಟರಿಗೆ ಒಂದಿಷ್ಟು ಜೋರು ಜಾಸ್ತಿ, ಅದಕ್ಕೆ ಒಮ್ಮೆ ಎಳೆದಿತ್ತು, ಅಷ್ಟೇ. ಹಾಗೆ ಒಮ್ಮೆ ಎಳೆದದ್ದೇ ನನ್ನನ್ನು ದಾರಿ ತಪ್ಪಿಸಿತು. ಕರೆಂಟಿನದೇ ತೊಂದರೆ ಅಂದುಕೊಂಡು ಸೆಲ್ಫ್ ಬಿಚ್ಚಿಸಲು ಹೋದೆ.

ಈಗ ನಾನು ಮಾಡುವ ಕ್ರಮ ಬೇರೆ. ಮೊದಲು ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿಯುತ್ತೇನೆ. ಸುಮ್ಮನಿದ್ದಾಗ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. 12.4 ಇದ್ದರೆ ಮುಕ್ಕಾಲು. 12ರ ಹತ್ತಿರ ಬಂದರೆ ಅದು ಖಾಲಿ ಅಂತಲೇ ಲೆಕ್ಕ. ಮೀಟರ್ ಹಾಗೇ ಹಿಡಿದು ಕೀ ತಿರುಗಿಸಬೇಕು. ಆ ಕ್ಷಣದಲ್ಲಿ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಸಂಶಯಪಡಬಹುದು. ನಮ್ಮದರಲ್ಲಿ ಎಂಜಿನ್ ಗಕ್ಕನೆ ನಿಂತ ಕ್ಷಣದಲ್ಲೂ 10.4 ಇತ್ತು. ಹಾಗಾದರೆ ಬ್ಯಾಟರಿಯದು ತಪ್ಪಲ್ಲ, ಅಲ್ವಾ?

ಎರಡನೆಯದು ಅರ್ಥ್. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಕೆಂಪು ಕಡ್ಡಿ ಎಂಜಿನ್ನಿನ ಬಣ್ಣವಿಲ್ಲದ ಜಾಗದ ಮೇಲೆ. ಕೀ ತಿರುಗಿಸಿದಾಗ ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಜಾಸ್ತಿ ತೋರಿಸಿದರೆ ಅರ್ಥ್ ವೈರ್ ಕೂರುವ ಜಾಗ ತುಕ್ಕು ಹಿಡಿದಿದೆ. ಬ್ಯಾಟರಿ ತಟ್ಟೆಯ ಕೆಳಗೆ ಆ ಬೋಲ್ಟು ಇರುತ್ತದೆ. ನೀರು, ಕೆಸರು, ಬ್ಯಾಟರಿಯ ಆಸಿಡ್ ಎಲ್ಲ ಇಳಿಯುವುದು ಅಲ್ಲಿಗೇ. ಬಿಚ್ಚಿ ಮರಳು ಕಾಗದದಲ್ಲಿ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿ. ಎಷ್ಟೋ ಗಾಡಿಗಳು ಇಷ್ಟಕ್ಕೇ ಸರಿಹೋಗುತ್ತವೆ. ಇದೇ ರೀತಿ ಪ್ಲಸ್ ಕಡೆಯ ದಪ್ಪ ವೈರನ್ನೂ ನೋಡಿ, ಬ್ಯಾಟರಿಯ ಪ್ಲಸ್‌ನಿಂದ ಸೆಲ್ಫ್ ಮೋಟರಿನ ಬೋಲ್ಟಿನವರೆಗೆ. ಅಲ್ಲಿ ಒಂದು ವೋಲ್ಟ್, ಒಂದೂವರೆ ವೋಲ್ಟ್ ಕಳೆದುಹೋಗುತ್ತಿದ್ದರೆ ರಿಲೇಯ ಒಳಗಿನ ಪಾಯಿಂಟ್ ಸುಟ್ಟಿರಬಹುದು.

ಇವೆರಡೂ ಸರಿಯಿದ್ದರೆ ಪ್ಲಗ್ ಬಿಚ್ಚಿ. ಬಿಚ್ಚಿದ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ತೂತಿನಿಂದ ದೂರ ಎಂಜಿನ್ನಿಗೆ ತಾಗಿಸಿ ಇಡಿ. ತೂತಿನಿಂದ ಪೆಟ್ರೋಲ್ ಹನಿ ಚಿಮ್ಮಬಹುದು, ಅಲ್ಲಿ ಕಿಡಿ ಬೀಳಬಾರದು. ಈಗ ಕೀ ತಿರುಗಿಸಿ. ನಮ್ಮದು ಗಿರಗಿರನೆ ತಿರುಗಿತು. ಪ್ಲಗ್ ಹಾಕಿದ ಕೂಡಲೇ ಮತ್ತೆ ಗಕ್ ಅಂತ ನಿಂತಿತು. ಬ್ಯಾಟರಿ ಸರಿ, ವೈರ್ ಸರಿ, ಸೆಲ್ಫ್ ಆಗತಾನೇ ರಿಪೇರಿಯಾಗಿ ಬಂದಿದೆ. ಉಳಿದದ್ದು ಸಿಲಿಂಡರಿನ ಒಳಗಿನ ಗಾಳಿ ಒತ್ತಡ ಮಾತ್ರ.

ಇಲ್ಲಿ ಎರಡು ಸಾಧ್ಯತೆ ಇವೆ. ಒಂದು, ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿರುವುದು. ಕಾರ್ಬೊರೇಟರಿಗೆ ಪೆಟ್ರೋಲ್ ಬರುವ ದಾರಿಯನ್ನು ಅದರ ಸೂಜಿ ಸರಿಯಾಗಿ ಮುಚ್ಚದಿದ್ದರೆ ರಾತ್ರಿಯಿಡೀ ಪೆಟ್ರೋಲ್ ಇಳಿದು ಒಳಗೆ ಸೇರುತ್ತದೆ. ಗಾಳಿಯನ್ನು ಒತ್ತಬಹುದು, ಪೆಟ್ರೋಲನ್ನು ಒತ್ತಲು ಆಗುವುದಿಲ್ಲ, ಪಿಸ್ಟನ್ ನಿಂತುಬಿಡುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಆಯಿಲ್ ಕಡ್ಡಿ ತೆಗೆದು ಮೂಗಿನ ಹತ್ತಿರ ಹಿಡಿಯಿರಿ. ಪೆಟ್ರೋಲ್ ವಾಸನೆ ಬಂದು, ಆಯಿಲ್ ಮಟ್ಟ ಗುರುತಿಗಿಂತ ಮೇಲಿದ್ದರೆ ಅದೇ ತೊಂದರೆ. ಆಗ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ನೀರಿನಂತಾದ ಆಯಿಲ್‌ನಲ್ಲಿ ಎಂಜಿನ್ ಸೀಜ್ ಆಗುತ್ತದೆ. ಹಳೆ ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಿ. ನಮ್ಮ ಎಂಜಿನ್ನಿಗೆ ಎಸ್‌ಎಇ 30 ಆಯಿಲ್ ಸುಮಾರು 1.4 ಲೀಟರ್ ಹಿಡಿಯುತ್ತದೆ. ಸೂಜಿ ಬದಲಿಸಿ, ಟ್ಯಾಂಕಿನ ಪೈಪಿಗೆ ಒಂದು ಪೆಟ್ರೋಲ್ ಕಾಕ್ ಹಾಕಿಸಿ. ಗಾಡಿ ನಿಲ್ಲಿಸಿದ ಮೇಲೆ ಕಾಕ್ ಮುಚ್ಚುವುದು ರೂಢಿಯಾದರೆ ಇದು ಮತ್ತೆ ಬರುವುದಿಲ್ಲ.

ಇನ್ನೊಂದು, ನಮ್ಮ ಗಾಡಿಗೆ ಆದದ್ದು, ಟ್ಯಾಪೆಟ್ ಸಡಿಲ. ಇಷ್ಟು ದೊಡ್ಡ ಒಂಟಿ ಸಿಲಿಂಡರನ್ನು ಪೂರ್ತಿ ಒತ್ತಡದ ವಿರುದ್ಧ ತಿರುಗಿಸುವುದು ಆ ಸಣ್ಣ ಸೆಲ್ಫ್‌ನಿಂದ ಆಗುವ ಕೆಲಸವಲ್ಲ. ಅದಕ್ಕೇ ವಾಲ್ವುಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟಿನಲ್ಲಿ ಒಂದು ಉಪಾಯ ಇಟ್ಟಿರುತ್ತಾರೆ. ಎಂಜಿನ್ ನಿಧಾನವಾಗಿ ತಿರುಗುವಾಗ ಒಂದು ಸಣ್ಣ ಉಬ್ಬು ಒಂದು ವಾಲ್ವನ್ನು ಚೂರೇ ಚೂರು ಎತ್ತಿ ಹಿಡಿಯುತ್ತದೆ. ಸ್ವಲ್ಪ ಗಾಳಿ ಹೊರಗೆ ಹೋಗಿ ಒತ್ತಡ ಇಳಿಯುತ್ತದೆ, ಸೆಲ್ಫ್ ಸಲೀಸಾಗಿ ತಿರುಗಿಸುತ್ತದೆ. ಆ ಉಬ್ಬು ಬಹಳ ಚಿಕ್ಕದು. ಟ್ಯಾಪೆಟ್ ಸಂದು ಅದಕ್ಕಿಂತ ದೊಡ್ಡದಾದರೆ ಉಬ್ಬು ಎದ್ದರೂ ವಾಲ್ವ್ ಅಲುಗುವುದಿಲ್ಲ. ಗಾಳಿ ಒಳಗೇ ಸಿಕ್ಕಿಬೀಳುತ್ತದೆ, ಪಿಸ್ಟನ್ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ನೋಡುವವರಿಗೆ ಬ್ಯಾಟರಿ ಸತ್ತ ಹಾಗೇ ಕಾಣುತ್ತದೆ.

ಸೆಟ್ಟಿಂಗ್ ಹೀಗೆ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಬೆಳಗ್ಗೆಯೇ ಒಳ್ಳೆಯದು. ವಾಲ್ವ್ ಕವರಿನ ನಾಲ್ಕು ಬೋಲ್ಟು ಬಿಚ್ಚಿ. ಕವರ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಮರದ ತುಂಡಿನಿಂದ ಪಕ್ಕಕ್ಕೆ ತಟ್ಟಿ, ಪ್ಯಾಕಿಂಗ್ ಹರಿಯದೆ ಬರುತ್ತದೆ. ಒಳಗೆ ವಾಲ್ವನ್ನು ಒತ್ತುವ ಎರಡು ತೋಳು, ಅಂದರೆ ರಾಕರ್, ಕಾಣುತ್ತವೆ. ಈಗ ಪ್ಲಗ್ ತೂತಿಗೆ ಎಳನೀರು ಕುಡಿಯುವ ಪ್ಲಾಸ್ಟಿಕ್ ಸ್ಟ್ರಾ ಇಳಿಸಿ. ಊದುಬತ್ತಿ ಕಡ್ಡಿ ಬೇಡ, ಮುರಿದು ಒಳಗೆ ಉಳಿದರೆ ಹೆಡ್ಡೇ ಬಿಚ್ಚಬೇಕಾಗುತ್ತದೆ. ಮೇಲಿನ ಫ್ಯಾನನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ಸ್ಟ್ರಾ ಮೇಲೇರುತ್ತಾ ಬಂದು, ಒಂದು ಕಡೆ ನಿಂತು, ಇಳಿಯಲು ಶುರುವಾಗುತ್ತದೆ. ಆಗ ಎರಡು ರಾಕರ್‌ಗಳೂ ಬೆರಳಿಗೆ ಸಡಿಲವಾಗಿ ಅಲುಗಬೇಕು. ಒಂದು ಬಿಗಿಯಾಗಿದ್ದರೆ ಅದು ಬೇರೆ ಸುತ್ತು, ಇನ್ನೊಂದು ಸುತ್ತು ತಿರುಗಿಸಿ. ಸರಿಯಾದ ಸುತ್ತು ಸಿಕ್ಕಿದ ಮೇಲೆ ಪಿಸ್ಟನ್ ತುದಿ ದಾಟಿ ಇನ್ನೊಂದು 6 ಮಿಲಿಮೀಟರ್ ಇಳಿಯುವ ತನಕ ತಿರುಗಿಸಿ ನಿಲ್ಲಿಸಿ. ತುದಿಯಲ್ಲೇ ನಿಲ್ಲಿಸಿದರೆ ಆ ಸಣ್ಣ ಉಬ್ಬು ವಾಲ್ವನ್ನು ಎತ್ತಿ ಹಿಡಿದಿರಬಹುದು. ಆಗ ತೆಗೆದ ಅಳತೆ ಸುಳ್ಳು ಅಳತೆ.

ನಮ್ಮ ಎಂಜಿನ್ನಿಗೆ ಗಾಳಿ ಒಳಗೆ ಬರುವ ವಾಲ್ವಿನ ಸಂದು 0.08ರಿಂದ 0.13 ಮಿಲಿಮೀಟರ್ ಇರಬೇಕು. ಹೊಗೆ ಹೋಗುವ ವಾಲ್ವಿಗೆ 0.13ರಿಂದ 0.18. ನಿಮ್ಮ ಎಂಜಿನ್ನಿನ ಅಳತೆ ಬೇರೆ ಇರಬಹುದು, ಅದರ ಕೈಪಿಡಿ ನೋಡಿಯೇ ಮಾಡಿ. ನಾನು ಮೊದಲು 0.15ರ ಎಲೆ ತೂರಿಸಿದೆ, ಏನೂ ತಾಗಲಿಲ್ಲ. 0.25 ಹೋಯಿತು. 0.40ರ ಎಲೆಯೂ ಸಲೀಸಾಗಿ ಆಚೆ ಈಚೆ ಜಾರಿದಾಗ ತಿಂಗಳಿಂದ ಕಾಡಿದ ಕಾಯಿಲೆ ಕೈಗೆ ಸಿಕ್ಕಿತು ಅಂತ ಗೊತ್ತಾಯಿತು. ಆ ಗಳಿಗೆಯ ಖುಷಿ ನನಗೆ ಇನ್ನೂ ನೆನಪಿದೆ. ರಾಕರಿನ ನಟ್ಟಿನ ನಡುವೆ ಒಂದು ಸಣ್ಣ ಲಾಕ್ ಸ್ಕ್ರೂ ಇತ್ತು, ನಕ್ಷತ್ರದ ಆಕಾರದ ಕೀ ಹಾಕುವಂಥದ್ದು. ಅದನ್ನು ಸಡಿಲಿಸಿ, ಎಲೆ ಇಟ್ಟುಕೊಂಡೇ ನಟ್ಟು ಬಿಗಿಯುತ್ತಾ ಬರಬೇಕು. ಎಲೆ ಎಳೆದಾಗ ಹೊಸ ನೋಟಿನ ಕಟ್ಟಿನಿಂದ ಒಂದು ನೋಟು ಎಳೆದ ಹಾಗೆ ಸಣ್ಣ ಹಿಡಿತ ಸಿಗಬೇಕು. ಆಗ ಲಾಕ್ ಸ್ಕ್ರೂ ಬಿಗಿದು ಮತ್ತೊಮ್ಮೆ ಅಳೆಯಿರಿ. ಬಿಗಿಯುವಾಗ ಸಂದು ಬದಲಾಗುವುದುಂಟು.

ಕವರ್ ಮುಚ್ಚುವ ಮೊದಲು ರಾಕರನ್ನು ತಳ್ಳುವ ಕಡ್ಡಿಗಳಾದ ಪುಶ್ ರಾಡ್ ಎರಡನ್ನೂ ಬೆರಳಲ್ಲಿ ಉರುಳಿಸಿ ನೋಡಿ. ಬಾಗಿದ್ದರೆ ಸಂದು ಸಡಿಲಾಗಲು ಅದೇ ಕಾರಣ. ಪ್ಲಗ್ ಹಾಕಿ ಕೀ ತಿರುಗಿಸಿದೆ. ಎಂಜಿನ್ ಒಂದೇ ಲಯದಲ್ಲಿ ತಿರುಗಿ ಎರಡನೇ ಸೆಕೆಂಡಿಗೆ ಹಿಡಿದುಕೊಂಡಿತು. ಸೆಟ್ಟಿಂಗ್ ಸರಿಮಾಡಿದ ಮೇಲೂ ನಿಮ್ಮದು ಹಾಗೇ ನಿಂತರೆ ಕ್ಯಾಮ್‌ಶಾಫ್ಟಿನ ಆ ಉಪಾಯವೇ ಸವೆದಿರಬಹುದು ಅಥವಾ ಅದರ ಸ್ಪ್ರಿಂಗ್ ಮುರಿದಿರಬಹುದು. ಅದಕ್ಕೆ ಎಂಜಿನ್ ಕೆಳಗಿಳಿಸಿ ಬಿಚ್ಚಬೇಕು. ಅದು ಮನೆಯ ಕೆಲಸವಲ್ಲ, ತಿಳಿದವರ ಕೈಗೆ ಕೊಡಿ.

ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ

ಸೆಲ್ಫ್ ಚೆನ್ನಾಗಿ ತಿರುಗಿಸುತ್ತದೆ, ಎಂಜಿನ್ ಮಾತ್ರ ಶುರುವಾಗುವುದಿಲ್ಲ. ಆಗ ಕೇಳಬೇಕಾದದ್ದು ಒಂದೇ: ಕಿಡಿ ಇಲ್ಲವೋ, ಪೆಟ್ರೋಲ್ ಇಲ್ಲವೋ?

ಕಿಡಿ ನೋಡಲು ಪ್ಲಗ್ ಬಿಚ್ಚಿ ಕ್ಯಾಪಿಗೆ ಹಾಕಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ತಿರುಗಿಸಿ. ನೆರಳಿನಲ್ಲಿ ನೋಡಿ. ನೀಲಿ ಕಿಡಿ ಚಟಚಟ ಅಂದರೆ ಸರಿ. ಪ್ಲಗ್ ಸಂದು 0.76 ಮಿಲಿಮೀಟರ್. ಕಿಡಿಯೇ ಇಲ್ಲದಿದ್ದರೆ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಕೊಳ್ಳಲು ಓಡಬೇಡಿ. ಕಾಯಿಲ್‌ಗೆ ಒಂದು ತೆಳು ವೈರ್ ಬಂದಿರುತ್ತದೆ. ಕೀ ಆಫ್ ಮಾಡಿದಾಗ ಎಂಜಿನ್ ನಿಲ್ಲಿಸುವ ವೈರ್ ಅದು. ಅದನ್ನು ಕಿತ್ತು ಮತ್ತೆ ನೋಡಿ. ಕಿಡಿ ಬಂದರೆ ಕಾಯಿಲ್ ಸರಿಯಿದೆ, ಆ ವೈರೋ ಯಾವುದಾದರೂ ಸ್ವಿಚ್ಚೋ ಗಾಡಿಯ ಲೋಹದ ಮೈಗೆ ತಾಗಿದೆ. ವೈರ್ ಕಿತ್ತಾಗ ಎಂಜಿನ್ ಸ್ಟಾರ್ಟ್ ಆದರೆ ಕೀಯಿಂದ ನಿಲ್ಲುವುದಿಲ್ಲ, ಇದು ನೆನಪಿರಲಿ. ವೈರ್ ಕಿತ್ತರೂ ಕಿಡಿ ಇಲ್ಲ ಅಂದರೆ ಆಗ ಕಾಯಿಲ್ ಬದಲಿಸಿ. ಹೊಸ ಕಾಯಿಲ್ ಕೂರಿಸುವಾಗ ಅದಕ್ಕೂ ಫ್ಲೈವೀಲ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿಯಿರಿ, ಬೇಕಾದ ಸಂದು ಹೆಚ್ಚುಕಡಿಮೆ ಅಷ್ಟೇ.

ಕಿಡಿ ಇದ್ದರೆ ಪ್ಲಗ್ ತೂತಿಗೆ ಅರ್ಧ ಚಮಚ ಪೆಟ್ರೋಲ್ ಹಾಕಿ, ಪ್ಲಗ್ ಬಿಗಿದು ತಿರುಗಿಸಿ. ಎರಡು ಸೆಕೆಂಡು ಓಡಿ ನಿಂತರೆ ಪೆಟ್ರೋಲ್ ಬರುತ್ತಿಲ್ಲ ಅಂತ ಖಾತ್ರಿ. ಫಿಲ್ಟರ್ ನೋಡಿ, ಪೈಪ್ ನೋಡಿ. ಕಾರ್ಬೊರೇಟರಿನ ಬಟ್ಟಲಿನ ಕೆಳಗೆ ಕರೆಂಟಿನಿಂದ ತೆರೆಯುವ, ವೈರ್ ಇರುವ ಒಂದು ಸಣ್ಣ ಸಾಲೆನಾಯ್ಡ್ ಇರುತ್ತದೆ. ಕೀ ಆನ್ ಮಾಡಿದಾಗ ಅದು 'ಟಿಕ್' ಅನ್ನಬೇಕು. ಅನ್ನದಿದ್ದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ, ಅಂದರೆ ಜೆಟ್ಟಿನ, ಬಾಯಿ ಮುಚ್ಚಿಯೇ ಇರುತ್ತದೆ. ಇದನ್ನು ಗಮನಿಸದೆ ಕಾರ್ಬೊರೇಟರ್ ಪೂರ್ತಿ ಬಿಚ್ಚಿ ತೊಳೆಯುವವರೇ ಜಾಸ್ತಿ.

'ಟಿಕ್' ಬಂದರೆ ಬಟ್ಟಲು ಬಿಚ್ಚಿ. ನಮ್ಮದರಲ್ಲಿ ತಳದಲ್ಲಿ ಬೆಲ್ಲದ ಪಾಕದಂಥ ಅಂಟು, ಅದರ ಕೆಳಗೆ ಒಂದು ಹನಿ ನೀರು ಗುಂಡಗೆ ನಿಂತಿತ್ತು. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಎದ್ದಿತ್ತು. ಎಥನಾಲ್ ಬೆರೆತ ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಹೀಗಾಗುತ್ತದೆ. ಶೇಕಡ 20 ಎಥನಾಲ್ ಇರುವ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಈ ಗಾಡಿಗಳ ಕೈಪಿಡಿಗಳು ಶೇಕಡ 10ರವರೆಗೆ ಮಾತ್ರ ಒಪ್ಪುತ್ತವೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೆ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ನಮ್ಮ ಕೈಯಲ್ಲಿ ಇರುವುದು ಇಷ್ಟೇ: ತಿಂಗಳಿಗೆ ಬೇಕಾದಷ್ಟೇ ಪೆಟ್ರೋಲ್ ತರುವುದು, ಸೀಸನ್ ಮುಗಿದಾಗ ಕಾಕ್ ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಬಟ್ಟಲು ಖಾಲಿ ಮಾಡುವುದು.

ಜೆಟ್ ತೊಳೆಯಲು ಕಾರ್ಬೊರೇಟರ್ ಸ್ಪ್ರೇ ಸಾಕು. ತೂತು ಕಟ್ಟಿದ್ದರೆ ಕರೆಂಟಿನ ವೈರಿನಿಂದ ತಾಮ್ರದ ಒಂದೇ ಒಂದು ಎಳೆ ತೆಗೆದು ಆಡಿಸಿ. ಹೊಲಿಗೆ ಸೂಜಿ ಬೇಡ, ಹಿತ್ತಾಳೆಯ ತೂತು ದೊಡ್ಡದಾಗುತ್ತದೆ. ಎಂಜಿನ್ ಓಡುವಾಗ ಸದ್ದು ಏರುವುದು ಇಳಿಯುವುದು ಮಾಡುತ್ತಿದ್ದರೆ ಅದೂ ಹೆಚ್ಚಾಗಿ ಇದೇ ಸಣ್ಣ ಜೆಟ್ಟಿನ ತೊಂದರೆ. ಎಂಜಿನ್ನಿನ ವೇಗ ಹಿಡಿದಿಡುವ ಗವರ್ನರಿನ ಸ್ಪ್ರಿಂಗ್ ಎಳೆದು ಬಾಗಿಸಲು ಹೋಗಬೇಡಿ.

ಅರ್ಧ ಗಂಟೆ ಓಡಿ ತಾನೇ ನಿಂತರೆ

ನಿಂತ ತಕ್ಷಣ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಚ್ಚಿ. 'ಸುಸ್' ಅಂತ ಗಾಳಿ ಒಳಗೆಳೆದುಕೊಂಡು, ಆಮೇಲೆ ಗಾಡಿ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಮುಚ್ಚಳದಲ್ಲಿ ತೊಂದರೆ ಇಲ್ಲದಿದ್ದರೆ ಬಿಸಿಯಾಗಿರುವಾಗಲೇ ಕಿಡಿ ನೋಡಿ. ತಣ್ಣಗಿದ್ದಾಗ ಕಿಡಿ ಕೊಟ್ಟು ಬಿಸಿಯಾದಾಗ ಕೊಡದ ಕಾಯಿಲ್‌ಗಳಿವೆ. ತಣ್ಣಗಾದ ಮೇಲೆ ನೋಡಿದರೆ ಅದರ ತಪ್ಪು ಸಿಗುವುದೇ ಇಲ್ಲ.

ಎರಡೂ ಅಲ್ಲದಿದ್ದರೆ ಎಂಜಿನ್ನಿನ ಮೇಲಿನ ತಗಡು ಬಿಚ್ಚಿ. ನಾನು ಬಿಚ್ಚಿದಾಗ ಸಿಲಿಂಡರಿನ ರೆಕ್ಕೆಗಳ ಮೇಲೆ ಪೂರ್ತಿ ಒಂದು ಇಲಿ ಗೂಡಿತ್ತು. ಅಡಿಕೆ ಸಿಪ್ಪೆಯ ನಾರು, ಗೊಬ್ಬರದ ಚೀಲದ ಎಳೆ, ನಮ್ಮ ಮನೆಯ ಹಳೇ ಟವೆಲಿನ ಚೂರು, ಎಲ್ಲ ಅಚ್ಚುಕಟ್ಟಾಗಿ ನೇಯ್ದ ಹಾಗೆ. ರೆಕ್ಕೆಗಳ ನಡುವೆ ಗಾಳಿ ಹೋಗಲು ಒಂದು ಕಡ್ಡಿಯಷ್ಟೂ ಜಾಗ ಇರಲಿಲ್ಲ. ಅದರ ಪಕ್ಕದ ತಗಡು ಬಿಸಿಗೆ ಕಂದು ಬಣ್ಣಕ್ಕೆ ತಿರುಗಿತ್ತು. ಟ್ಯಾಪೆಟ್ ಅಷ್ಟು ಸಡಿಲಾದದ್ದಕ್ಕೂ ಈ ಬಿಸಿಗೂ ಸಂಬಂಧ ಇದೆ ಅಂತಲೇ ನನ್ನ ನಂಬಿಕೆ. ಬೇಸಿಗೆಯಲ್ಲಿ ನಿಲ್ಲಿಸಿದ ಗಾಡಿಯನ್ನು ಮುಂಗಾರಿಗೆ ಹೊರತೆಗೆಯುವಾಗ ಈ ತಗಡು ಬಿಚ್ಚದೆ ನಾನು ಈಗ ಕೀ ಮುಟ್ಟುವುದಿಲ್ಲ. ನಾಲ್ಕೈದು ಬೋಲ್ಟು, ಹತ್ತು ನಿಮಿಷ.

ಬ್ಲೇಡಿನ ಕಡೆ

ಗಾಡಿ ನಡುಗಿದರೆ ಮೊದಲು ಬ್ಲೇಡ್ ಬಾಗಿದೆಯೋ ನೋಡಿ. ಬ್ಲೇಡಿನ ಒಂದು ತುದಿಯಿಂದ ನೆಲಕ್ಕೆ ಎಷ್ಟಿದೆ ಅಂತ ಅಳೆದು, ಅರ್ಧ ಸುತ್ತು ತಿರುಗಿಸಿ ಇನ್ನೊಂದು ತುದಿಯನ್ನು ಅದೇ ಜಾಗದಲ್ಲಿ ಅಳೆಯಿರಿ. 3 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಬ್ಲೇಡ್ ಬದಲಿಸಿ, ಬಡಿದು ನೇರ ಮಾಡಬೇಡಿ. ಗ್ರೈಂಡರಿನಲ್ಲಿ ಸಾಣೆ ಹಿಡಿಸಿದ ಬ್ಲೇಡನ್ನು ಗೋಡೆಯ ಮೊಳೆಗೆ ನಡುವಿನ ತೂತಿನಿಂದ ನೇತುಹಾಕಿ. ಒಂದು ಕಡೆ ವಾಲಿದರೆ ಆ ಕಡೆ ಇನ್ನೂ ಸ್ವಲ್ಪ ಉಜ್ಜಬೇಕು.

ಬೆಲ್ಟ್ ಬಗ್ಗೆ ಹೇಳಲೇಬೇಕು. ಹಿಟ್ಟಿನ ಗಿರಣಿಯ ಬೆಲ್ಟು ಅಳತೆಗೆ ಹೊಂದುತ್ತದೆ ಅಂತ ನಾನೂ ಹಾಕಿ ನೋಡಿದ್ದೇನೆ. ಬ್ಲೇಡ್ ಆಫ್ ಮಾಡಿದರೂ ಆ ರಬ್ಬರು ಪುಲ್ಲಿಯನ್ನು ಬಿಡುವುದಿಲ್ಲ, ಬ್ಲೇಡು ತಿರುಗುತ್ತಲೇ ಇರುತ್ತದೆ. ಅದು ಅಪಾಯ. ಈ ಗಾಡಿಗೆಂದೇ ಬರುವ ಬೆಲ್ಟನ್ನೇ ಹಾಕಿ, ತರಿಸಲು ವಾರ ಹಿಡಿದರೂ ಪರವಾಗಿಲ್ಲ.

ಬೇರಿಂಗ್ ಮಾತ್ರ ಊರಲ್ಲೇ ಸಿಗುತ್ತದೆ. ಬ್ಲೇಡ್ ಕೈಯಲ್ಲಿ ತಿರುಗಿಸಿದಾಗ ಗರಗರ ಅಂದರೆ ಬೇರಿಂಗ್ ಹೋಗಿದೆ. ಬಿಚ್ಚಿ ಅದರ ಪಕ್ಕದ ನಂಬರ್ ಓದಿ. ನಮ್ಮದು 6203, ಒಳಗೆ 17, ಹೊರಗೆ 40, ದಪ್ಪ 12 ಮಿಲಿಮೀಟರ್. ದಾವಣಗೆರೆಯ ಬೇರಿಂಗ್ ಅಂಗಡಿಯಲ್ಲಿ ನಂಬರ್ ಹೇಳಿದ ಕೂಡಲೇ ಕೊಟ್ಟರು. ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ.

ಆ ಬೇರಿಂಗ್ ಹೋಗಲು ಕಾರಣ ಡ್ರಿಪ್ ಪೈಪು. ಹುಲ್ಲಲ್ಲಿ ಮುಚ್ಚಿಹೋಗಿದ್ದ ಲ್ಯಾಟರಲ್ ಪೈಪನ್ನು ಬ್ಲೇಡು ಎಳೆದುಕೊಂಡು ತನ್ನ ಅಚ್ಚಾದ ಸ್ಪಿಂಡಲ್ಲಿಗೆ ಸುತ್ತಿಕೊಂಡಿತ್ತು. ಬಿಸಿಗೆ ಪ್ಲಾಸ್ಟಿಕ್ ಕರಗಿ ಸೀಲಿನ ಒಳಗೆ ಸೇರಿತ್ತು, ಕತ್ತಿಯಲ್ಲಿ ಕೆತ್ತಿ ತೆಗೆಯಬೇಕಾಯಿತು. ಬಿದ್ದ ಅಡಿಕೆ ಹಾಳೆಯೂ ಕಡಿಮೆಯಿಲ್ಲ, ಒದ್ದೆ ಹಾಳೆ ಡೆಕ್ಕಿನ ಒಳಗೆ ಅಡ್ಡ ಸಿಕ್ಕಿಕೊಂಡರೆ ಬೆಲ್ಟು ಜಾರಿ ಸುಟ್ಟ ವಾಸನೆ ಬರುತ್ತದೆ. ಈಗ ಹುಲ್ಲು ಕತ್ತರಿಸುವ ಹಿಂದಿನ ಸಂಜೆ ಒಬ್ಬರು ಸಾಲಿನುದ್ದಕ್ಕೂ ನಡೆದು ಸೋಗೆ, ಹಾಳೆ ಆರಿಸಿ, ಪೈಪುಗಳನ್ನು ಬುಡದ ಕಡೆಗೆ ಸರಿಸಿ ಬರುತ್ತಾರೆ. ಬೆಳಗ್ಗೆ ಗಾಡಿ ಇಳಿಯುವುದು ಆಮೇಲೆಯೇ.